ರೇಖೆ ಮತ್ತು ಕಥನ: ಚಿತ್ರಕಾರ ಮೆಡೋಸ್ ಟೇಲರ್‌ನ ಜೀವನ

ಸುರಪುರ ಸಂಸ್ಥಾನದ ಚರಿತ್ರೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಗಳಲ್ಲಿ ಫಿಲಿಪ್ ಮೆಡೋಸ್ ಟೇಲರ್‌ನ ಹೆಸರು ಬಾರದೆ ಇರುವುದು ವಿರಳ. ಆದರೆ ಆ ಹೆಸರು ಬರುವ ಬಗೆ ಬಹುಮಟ್ಟಿಗೆ ಎರಡೇ. ಒಂದು, ಠಕ್ಕರನ್ನು ಕುರಿತ ಪ್ರಸಿದ್ಧ ಇಂಗ್ಲಿಷ್ ಕಾದಂಬರಿಯ ಕರ್ತೃವಾಗಿ; ಇನ್ನೊಂದು, ಬಾಲಕ ಅರಸನ ಕಾಲದಲ್ಲಿ ಸುರಪುರದ ಆಡಳಿತವನ್ನು ನೋಡಿಕೊಂಡ ಬ್ರಿಟಿಷ್ ಅಧಿಕಾರಿಯಾಗಿ. ಆತನಿಗೆ ಮೂರನೆಯ ಮುಖವೊಂದಿತ್ತು. ಆತ ಚಿತ್ರಕಾರ. ಚಿತ್ರಕಲೆ ಆತನ ಉದ್ಯೋಗವಾಗಿರಲಿಲ್ಲ. ಆದರೆ ಸುಮಾರು ಮೂರೂವರೆ ದಶಕಗಳ ದಖ್ಖನಿನ ವಾಸದಲ್ಲಿ ಆತ ಮಾಡಿದ ಬಹುತೇಕ ಎಲ್ಲ ಕೆಲಸಗಳ ಜೊತೆಗೂ ಅದು ಇತ್ತು. ಕಲ್ಲಚ್ಚಿನಲ್ಲಿ ಪ್ರಕಟವಾದ ದೃಶ್ಯಚಿತ್ರಗಳು, ಗುಡ್ಡದ ಮೇಲೆ ತಾನೇ ವಿನ್ಯಾಸಗೊಳಿಸಿ ಕಟ್ಟಿಸಿದ ಮನೆ, ಭೀಮಾ-ಕೃಷ್ಣೆಯರ ನಡುವಿನ ಶಿಲಾಸಮಾಧಿಗಳ ಅಳತೆಯ ನಕ್ಷೆಗಳು, ಇವೆಲ್ಲ ಒಂದೇ ಕೈಯಿಂದ ಬಂದವು. ಟೇಲರನ ಜೀವನವನ್ನು ಈ ಕೈಯ ಮೂಲಕ ನೋಡಿದಾಗ, ಸುರಪುರ-ಶಹಾಪುರ-ಯಾದಗಿರಿ ಸೀಮೆಯ ಬಗೆಗೆ ಆತ ಬಿಟ್ಟುಹೋದ ಸಾಮಗ್ರಿಯಲ್ಲಿ ಯಾವುದನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಗೆ ಬೇರೆಯೇ ಉತ್ತರ ದೊರೆಯುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ತಂದೆ ವ್ಯಾಪಾರಿ. ಮನೆಯ ಸ್ಥಿತಿ ಇಳಿಮುಖವಾಗಿದ್ದುದರಿಂದ ಹುಡುಗನ ಶಾಲೆಯ ಓದು ಬೇಗನೆ ಮುಗಿಯಿತು. 1824ರಲ್ಲಿ, ಇನ್ನೂ ಹದಿನಾರು ತುಂಬುವ ಮೊದಲೇ, ಮುಂಬಯಿಯ ವ್ಯಾಪಾರಿಯೊಬ್ಬನ ಮಳಿಗೆಯಲ್ಲಿ ಕೆಲಸಕ್ಕೆಂದು ಹಡಗು ಹತ್ತಿದ. ಮುಂದೆ ಆ ವ್ಯಾಪಾರದಲ್ಲಿ ಪಾಲು ಸಿಗುವುದೆಂಬ ಭರವಸೆಯಿತ್ತು. ಬಂದು ನೋಡಿದರೆ ಮಳಿಗೆಯೇ ಮುಳುಗುವ ಸ್ಥಿತಿಯಲ್ಲಿತ್ತು. ಮುಂಬಯಿ ಸರ್ಕಾರದಲ್ಲಿ ಉನ್ನತ ಹುದ್ದೆಯಲ್ಲಿದ್ದ ಬಂಧುವೊಬ್ಬನ ನೆರವಿನಿಂದ ಅದೇ ವರ್ಷದ ಕೊನೆಗೆ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಆತನಿಗೆ ಅಧಿಕಾರಿಯ ಹುದ್ದೆ ದೊರೆಯಿತು. ಈ ಸಂಗತಿ ಟೇಲರನ ಇಡೀ ಬದುಕಿನ ದಿಕ್ಕನ್ನು ನಿರ್ಧರಿಸಿತು. ಆತ ಈಸ್ಟ್ ಇಂಡಿಯಾ ಕಂಪನಿಯ ಖಾಯಂ ನೌಕರನಾಗಲಿಲ್ಲ. ಕಂಪನಿಯ ಅಧಿಕಾರಿಗಳಿಗಿದ್ದ ಬಡ್ತಿಯ ದಾರಿಗಳು, ಕಾಲೇಜು ಶಿಕ್ಷಣದ ಹಿನ್ನೆಲೆ ಆತನಿಗೆ ಇರಲಿಲ್ಲ. ತನಗೆ ಬೇಕಾದ ವಿದ್ಯೆಯನ್ನೆಲ್ಲ ತಾನೇ ಕಲಿಯಬೇಕಾಯಿತು: ಹಿಂದೂಸ್ತಾನಿ, ಮರಾಠಿ, ಕಾನೂನು, ಭೂಮಾಪನ, ಕಟ್ಟಡದ ಕೆಲಸ, ಸ್ವಲ್ಪಮಟ್ಟಿಗೆ ಭೂವಿಜ್ಞಾನ ಮತ್ತು ಸಸ್ಯಶಾಸ್ತ್ರ. ಚಿತ್ರ ಬರೆಯುವುದೂ ಈ ಸ್ವಯಂಶಿಕ್ಷಣದ ಭಾಗವೇ ಆಗಿತ್ತು.

ಆ ಕಾಲದ ಬ್ರಿಟಿಷ್ ಅಧಿಕಾರಿಗಳಲ್ಲಿ ಚಿತ್ರಾಭ್ಯಾಸ ಅಪರೂಪವೇನೂ ಅಲ್ಲ. ಛಾಯಾಗ್ರಹಣ ಇನ್ನೂ ಬಾರದ ದಿನಗಳಲ್ಲಿ ಕೋಟೆಯ ನೋಟ, ದಾರಿಯ ತಿರುವು, ನದಿ ದಾಟುವ ಕಡವು ಇವುಗಳನ್ನು ಕಾಗದಕ್ಕಿಳಿಸಬಲ್ಲವನು ಸೈನ್ಯಕ್ಕೆ ಉಪಯುಕ್ತನಾಗಿದ್ದ. ಪೊಲೀಸ್ ಕೆಲಸದ ಮೇಲೆ ಹೈದರಾಬಾದ್ ರಾಜ್ಯದ ನೈಋತ್ಯ ಭಾಗಗಳಲ್ಲಿ ಕುದುರೆಯ ಮೇಲೆ ಸುತ್ತುತ್ತಿದ್ದ ಟೇಲರನಿಗೆ ದಖ್ಖನಿನ ಊರುಗಳು, ದರ್ಗಾಗಳು, ಕೋಟೆಗಳು ಕಣ್ಣಿಗೆ ಕಟ್ಟಿದವು. ಹೈದರಾಬಾದಿನ ಪ್ರಸಿದ್ಧ ಲೇವಾದೇವಿಗಾರ ವಿಲಿಯಂ ಪಾಮರನ ಮಗಳು ಮೇರಿಯೊಡನೆ ಮದುವೆಯಾಯಿತು. ಆಂಗ್ಲ ತಂದೆಗೂ ಭಾರತೀಯ ತಾಯಿಗೂ ಹುಟ್ಟಿದವನಾದ ಪಾಮರನ ಮನೆಯ ಸಂಪರ್ಕ ಟೇಲರನಿಗೆ ನಿಜಾಮನ ರಾಜಧಾನಿಯ ಒಳಜಗತ್ತನ್ನು ತೆರೆದಿರಬೇಕು. 1837ರಲ್ಲಿ ಲಂಡನ್ನಿನಲ್ಲಿ ಆತನ 'ಸ್ಕೆಚಸ್ ಇನ್ ದ ಡೆಕ್ಕನ್' ಎಂಬ ಚಿತ್ರಸಂಪುಟ ಕಲ್ಲಚ್ಚಿನಲ್ಲಿ ಪ್ರಕಟವಾಯಿತು. ಕಾದಂಬರಿಕಾರನಾಗುವುದಕ್ಕೆ ಎರಡು ವರ್ಷ ಮುಂಚೆಯೇ ಟೇಲರ್ ಇಂಗ್ಲೆಂಡಿನ ಸಾರ್ವಜನಿಕರ ಮುಂದೆ ಬಂದದ್ದು ಹೀಗೆ, ಚಿತ್ರಕಾರನಾಗಿ. ಆತನ ಸಾಹಿತ್ಯವನ್ನು ಕುರಿತ ಬರಹಗಳು ಈ ಕ್ರಮವನ್ನು ಗಮನಿಸಿದಂತಿಲ್ಲ.

ಈ ಸಂಪುಟದ ಚಿತ್ರಗಳು ಆ ಕಾಲದ ರಮ್ಯದೃಶ್ಯ ಪರಂಪರೆಗೆ ಸೇರಿದವು. ಪಾಳುಬಿದ್ದ ಗೋಪುರ, ಮುಂಭಾಗದಲ್ಲಿ ಗಿಡಮರ, ಅಳತೆಯನ್ನು ಸೂಚಿಸಲು ಒಂದಿಬ್ಬರು ಮನುಷ್ಯರು, ಹಿಂದೆ ಮಸುಕಾದ ಬೆಟ್ಟ: ಹದಿನೆಂಟನೆಯ ಶತಮಾನದ ಕೊನೆಗೆ ಥಾಮಸ್ ಡೇನಿಯಲ್ ಮತ್ತು ವಿಲಿಯಂ ಡೇನಿಯಲ್ ಭಾರತಕ್ಕೆ ತಂದು ರೂಢಿಸಿದ ಮಾದರಿ ಇದು. ಈ ಮಾದರಿಯಲ್ಲಿ ಚಿತ್ರಕಾರನು ತಾನು ಕಂಡದ್ದನ್ನು ಸ್ವಲ್ಪ ಅತ್ತಿತ್ತ ಸರಿಸುವುದು ದೋಷವಲ್ಲ, ಗುಣ. ಕಟ್ಟಡ ಎಷ್ಟು ಮೊಳ ಎತ್ತರವಿದೆ ಎಂಬುದಕ್ಕಿಂತ ಅದು ನೋಡುವವನಲ್ಲಿ ಯಾವ ಭಾವವನ್ನು ಎಬ್ಬಿಸುತ್ತದೆ ಎಂಬುದು ಮುಖ್ಯ. ಟೇಲರನ ಕಾದಂಬರಿಗಳ ವರ್ಣನೆಗಳನ್ನು ಓದಿದವರಿಗೆ ಈ ಮಾದರಿ ಪರಿಚಿತವಾಗಿಯೇ ತೋರುತ್ತದೆ. ಆತನ ಗದ್ಯ ಕೊನೆಯವರೆಗೂ ಈ ರಮ್ಯದೃಶ್ಯದ ಚೌಕಟ್ಟನ್ನು ಬಿಡಲಿಲ್ಲ. ಬಿಟ್ಟದ್ದು ಆತನ ಪೆನ್ಸಿಲು. ಬಿಟ್ಟ ಸ್ಥಳ ಸುರಪುರ.

ರಜೆಯ ಮೇಲೆ ಸ್ವದೇಶಕ್ಕೆ ಹೋಗಿದ್ದಾಗ 1839ರಲ್ಲಿ 'ಕನ್ಫೆಷನ್ಸ್ ಆಫ್ ಎ ಥಗ್' ಪ್ರಕಟವಾಗಿ ಟೇಲರನಿಗೆ ಹಠಾತ್ ಖ್ಯಾತಿ ಬಂದಿತು. ಮರುವರ್ಷ ಟಿಪ್ಪು ಸುಲ್ತಾನನನ್ನು ಕುರಿತ ಕಾದಂಬರಿ ಬಂತು. ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಭಾರತದ ಬಾತ್ಮೀದಾರನಾಗಿ ಆತ 1840ರಿಂದ 1853ರವರೆಗೆ ಬರೆದ. ಹೈದರಾಬಾದಿಗೆ ಮರಳಿದ ಸ್ವಲ್ಪ ಕಾಲದಲ್ಲೇ ರೆಸಿಡೆಂಟನಾಗಿದ್ದ ಜೇಮ್ಸ್ ಫ್ರೇಸರ್ ಆತನನ್ನು ಸುರಪುರಕ್ಕೆ ಕಳುಹಿಸಿದ.

ಆಗಿನ ಸುರಪುರದ ಸ್ಥಿತಿಯನ್ನು ಈ ಪತ್ರಿಕೆಯ ಓದುಗರಿಗೆ ವಿಸ್ತಾರವಾಗಿ ಹೇಳಬೇಕಾಗಿಲ್ಲ. ಗೋಸಲ ವಂಶದ ಬೇಡ ನಾಯಕರ ಈ ಸಂಸ್ಥಾನ 1705ರಲ್ಲಿ ವಾಗಿನಗೇರಾದಲ್ಲಿ ಔರಂಗಜೇಬನ ಕೊನೆಯ ದಂಡಯಾತ್ರೆಯನ್ನೇ ಎದುರಿಸಿದ್ದು. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ನಿಜಾಮನಿಗೆ ಸಲ್ಲಿಸಬೇಕಾದ ಕಪ್ಪ-ನಜರಾಣೆಗಳ ಬಾಕಿ, ಸಾಹುಕಾರರ ಸಾಲ, ಒಳಜಗಳ ಇವುಗಳಿಂದ ಅದು ಬಳಲಿತ್ತು. ಅರಸ ಕೃಷ್ಣಪ್ಪನಾಯಕ ತೀರಿಕೊಂಡಾಗ ಮಗ ವೆಂಕಟಪ್ಪನಾಯಕ ಇನ್ನೂ ಬಾಲಕ. ರಾಣಿ ಈಶ್ವರಮ್ಮ ಒಂದು ಕಡೆ, ಅರಸುಮನೆತನದ ಪಿಡ್ಡನಾಯಕ ಇನ್ನೊಂದು ಕಡೆ, ಇಬ್ಬರ ಬೆನ್ನಿಗೂ ಶಸ್ತ್ರಧಾರಿ ಬೇಡರು. ಇವರ ನಡುವೆ ಟೇಲರ್ ಬ್ರಿಟಿಷ್ ಪ್ರತಿನಿಧಿಯಾಗಿ 1853ರವರೆಗೆ, ಸುಮಾರು ಹನ್ನೊಂದು ವರ್ಷ ನಿಂತ. ಈಶ್ವರಮ್ಮನನ್ನು ಆತ ತನ್ನ ಆತ್ಮಕಥೆಯಲ್ಲಿ ಚಿತ್ರಿಸಿರುವ ರೀತಿ ಪಕ್ಷಪಾತದಿಂದ ಕೂಡಿದ್ದು. ಗಂಡನನ್ನು ಕಳೆದುಕೊಂಡು ಮಗನ ಪಟ್ಟವನ್ನು ಉಳಿಸಿಕೊಳ್ಳಲು ಹೊರಗಿನ ಅಧಿಕಾರಿಯೊಡನೆ ಸೆಣಸಿದ ಹೆಣ್ಣುಮಗಳ ರಾಜಕಾರಣವನ್ನು ಅದು ಹಟಮಾರಿತನವೆಂದೇ ಕಂಡಿದೆ. ಸುರಪುರದ ಇತಿಹಾಸವನ್ನು ಕನ್ನಡದಲ್ಲಿ ಕಟ್ಟಿಕೊಟ್ಟ ಕಪಟರಾಳ ಕೃಷ್ಣರಾಯರಂಥ ವಿದ್ವಾಂಸರ ಕೆಲಸವನ್ನು ಮುಂದುವರಿಸುವವರು ಆಕೆಯನ್ನು ಸ್ವತಂತ್ರವಾಗಿ ಅಭ್ಯಸಿಸುವ ಅಗತ್ಯವಿದೆ.

ಈ ಹನ್ನೊಂದು ವರ್ಷಗಳಲ್ಲಿ ಟೇಲರನ ಚಿತ್ರಾಭ್ಯಾಸ ಕೆಲಸದ ಸಾಧನವಾಗಿ ಮಾರ್ಪಟ್ಟಿತು. ಕಂದಾಯವನ್ನು ಸರಿಪಡಿಸಬೇಕಾದರೆ ಹೊಲಗಳ ಅಳತೆ ಬೇಕು. ರಸ್ತೆ ಮಾಡಿಸಬೇಕಾದರೆ ಇಳಿಜಾರಿನ ನಕ್ಷೆ ಬೇಕು. ಕೆರೆಯ ಏರಿಯನ್ನು ಬಲಪಡಿಸಬೇಕಾದರೆ ನೀರಿನ ಮಟ್ಟವನ್ನು ಗುರುತಿಸಬೇಕು. ಇವುಗಳಿಗೆ ಆತನ ಬಳಿ ತರಬೇತಾದ ಎಂಜಿನಿಯರನಿರಲಿಲ್ಲ. ಇಂದು ಪಕ್ಷಿಧಾಮವೆಂದು ಹೆಸರಾಗಿರುವ ಬೋನಾಳ ಕೆರೆ ನಾಯಕ ಅರಸರ ಕಾಲದ್ದು. ಅದರ ಸುಧಾರಣೆಯಲ್ಲಿ ಟೇಲರನ ಪಾಲಿದೆ. ಸುರಪುರದ ಗುಡ್ಡದ ಮೇಲೆ 1844ರಲ್ಲಿ ಕಟ್ಟಿಸಿದ ತನ್ನ ವಾಸದ ಮನೆಯನ್ನು ಆತನೇ ವಿನ್ಯಾಸಗೊಳಿಸಿದ. ಊರಿನವರ ಬಾಯಲ್ಲಿ ಅದು ಟೇಲರ್ ಮಂಜಿಲ್ ಆಗಿ ಉಳಿದಿದೆ. ಬಂಡೆಗಳ ನಡುವೆ ಗಾಳಿ ಬರುವ ದಿಕ್ಕನ್ನು ನೋಡಿ ನಿವೇಶನವನ್ನು ಆರಿಸಿದ್ದು, ಕೆಳಗಿನ ಊರು ಮತ್ತು ಬಯಲು ಪೂರ್ತಿ ಕಾಣುವಂತೆ ಕಟ್ಟಡವನ್ನು ನಿಲ್ಲಿಸಿದ್ದು, ಇವು ದೃಶ್ಯಚಿತ್ರಕಾರನ ಆಯ್ಕೆಗಳು. ಅದೇ ಎತ್ತರದಿಂದ ಇಡೀ ಊರಿನ ಮೇಲೆ ಕಣ್ಣಿಡಲೂ ಬರುತ್ತದೆ ಎಂಬುದನ್ನು ವಸಾಹತುಶಾಹಿಯ ಅಧ್ಯಯನಕಾರರು ಮರೆಯಲಾರರು.

ಇಲ್ಲಿ ಒಂದು ಸಂಗತಿಯನ್ನು ಹೇಳಬೇಕು. ಟೇಲರ್ ಗುಡ್ಡದ ಮೇಲಿದ್ದ ಕಾಲದಲ್ಲಿ ಕೆಳಗೆ ಊರಿನಲ್ಲಿ ಮತ್ತೊಂದು ಚಿತ್ರಪರಂಪರೆ ಜೀವಂತವಾಗಿತ್ತು. ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಸುರಪುರ ಚಿತ್ರಕಲೆ, ಅದರಲ್ಲೂ ಗರುಡಾದ್ರಿ ಮನೆತನದ ಕಲಾವಿದರು ಪೋಷಿಸಿದ ಶೈಲಿ, ಸೂಕ್ಷ್ಮವಾದ ಕುಂಚಗೆಲಸಕ್ಕೂ ಚಿನ್ನದ ಲೇಪಕ್ಕೂ ಹೆಸರಾದದ್ದು. ಆ ಚಿತ್ರಗಳಲ್ಲಿ ದೂರ-ಹತ್ತಿರಗಳ ಯುರೋಪಿಯನ್ ಲೆಕ್ಕವಿಲ್ಲ; ದೇವರು ದೊಡ್ಡವನು, ಅರಸ ಅವನಿಗಿಂತ ಚಿಕ್ಕವನು, ಪರಿವಾರ ಇನ್ನೂ ಚಿಕ್ಕದು. ಟೇಲರನ ಕಾಗದದಲ್ಲಿ ಗಾತ್ರವನ್ನು ನಿರ್ಧರಿಸುವುದು ಅಳತೆಗೋಲು. ಒಂದೇ ಊರಿನಲ್ಲಿ ಒಂದೇ ದಶಕದಲ್ಲಿ ಎರಡು ನೋಟಗಳು ಹೀಗೆ ಅಕ್ಕಪಕ್ಕ ಇದ್ದವು. ಇವೆರಡನ್ನೂ ಒಟ್ಟಿಗೆ ಇರಿಸಿದ ಅಧ್ಯಯನ ನಡೆದರೆ ಅದರಿಂದ ಕಲಾಚರಿತ್ರೆಗಷ್ಟೇ ಅಲ್ಲದೆ ಸುರಪುರದ ಸಾಂಸ್ಕೃತಿಕ ಚರಿತ್ರೆಗೂ ಲಾಭವಿದೆ.

ಟೇಲರನ ಚಿತ್ರಕಾರ ಜೀವನದ ಬಹುಮುಖ್ಯ ಘಟ್ಟವೆಂದರೆ ಶಿಲಾಸಮಾಧಿಗಳ ಶೋಧ. ಸಂಸ್ಥಾನದ ಹಳ್ಳಿಗಳಲ್ಲಿ ಸಂಚರಿಸುವಾಗ ಆತನಿಗೆ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳೂ ಗುಂಡುಕಲ್ಲುಗಳ ವೃತ್ತಗಳೂ ಕಂಡವು. ರಾಜನಕೋಳೂರಿನ ಕಲ್ಮನೆಗಳಲ್ಲಿ ಕೆಲವು ಮೂರು ಮಗ್ಗುಲು ಮುಚ್ಚಿ ಒಂದು ಮಗ್ಗುಲು ತೆರೆದವು. ಕೆಲವು ನಾಲ್ಕೂ ಮಗ್ಗುಲು ಮುಚ್ಚಿದವು, ಆದರೆ ಒಂದು ಚಪ್ಪಡಿಯಲ್ಲಿ ದುಂಡನೆಯ ಕಂಡಿಯಿರುವಂಥವು. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಕಲ್ಮನೆಯೂ ಇಲ್ಲ, ವೃತ್ತವೂ ಇಲ್ಲ. ಬಯಲಿನ ತುಂಬ ದೊಡ್ಡ ಗುಂಡುಗಳು ಸಾಲುಸಾಲಾಗಿ, ಅಡ್ಡಕ್ಕೂ ಉದ್ದಕ್ಕೂ ಲೆಕ್ಕ ತಪ್ಪದಂತೆ ಇಟ್ಟಂತಿವೆ. ಭೀಮಾತೀರದ ಜೇವರ್ಗಿಯಲ್ಲಿ ಕಲ್ಲುಗುಪ್ಪೆಗಳ ಸಮೂಹವಿತ್ತು. ಜನ ಇವನ್ನು ಮೋರ್ಯರ ಮನೆಗಳೆಂದು ಕರೆಯುತ್ತಿದ್ದರು, ಗಿಡ್ಡದೇಹದ ಪೂರ್ವಕಾಲದ ಜನ ಕಟ್ಟಿದವೆಂದು ನಂಬಿದ್ದರು. ಈ ಹೆಸರನ್ನೂ ನಂಬಿಕೆಯನ್ನೂ ಟೇಲರ್ ದಾಖಲಿಸಿದ. ಆದರೆ ಜನಪದ ಅಧ್ಯಯನದ ದೃಷ್ಟಿಯಿಂದ ಆ ದಾಖಲೆ ತೀರ ತೆಳ್ಳಗಿದೆ. ಯಾರು ಹೇಳಿದರು, ಯಾವ ಮಾತಿನಲ್ಲಿ ಹೇಳಿದರು ಎಂಬುದು ಇಲ್ಲ. ಕಲ್ಲನ್ನು ಅಳೆದಷ್ಟು ಎಚ್ಚರದಿಂದ ಆತ ಮಾತನ್ನು ಅಳೆಯಲಿಲ್ಲ.

ಈ ಕೆಲಸ ಎಷ್ಟು ಹೊಸದಾಗಿತ್ತೆಂಬುದನ್ನು ತಿಳಿಯಲು ಆಗಿನ ಪುರಾತತ್ತ್ವದ ಸ್ಥಿತಿಯನ್ನು ನೆನೆಯಬೇಕು. 1830ರ ದಶಕದಲ್ಲಿ ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹಪರೀಕ್ಷಕನಾಗಿದ್ದ ಜೇಮ್ಸ್ ಪ್ರಿನ್ಸೆಪ್, ತಾನೂ ನುರಿತ ಚಿತ್ರಕಾರನೇ, ಹಳೆಯ ನಾಣ್ಯಗಳನ್ನು ಒಂದೊಂದಾಗಿ ಬಿಡಿಸಿ ಅಚ್ಚುಹಾಕಿಸಿದ್ದ. 1837ರ ಹೊತ್ತಿಗೆ ಬ್ರಾಹ್ಮೀ ಲಿಪಿಯನ್ನು ಓದಿದ್ದ. ಅಲ್ಲಿಂದ ಮುಂದೆ ಭಾರತದ ಪ್ರಾಚೀನತೆ ಎಂದರೆ ನಾಣ್ಯ ಮತ್ತು ಶಾಸನ ಎಂಬಂತಾಯಿತು. ನಾಣ್ಯದ ಮೇಲೆ ಅರಸನ ಹೆಸರಿರುತ್ತದೆ, ಮುದ್ರೆಯಿರುತ್ತದೆ. ಅದರ ವಿನ್ಯಾಸಕಾರ ಯಾರೆಂದು ತಿಳಿಯದಿದ್ದರೂ ಅವನು ಬಿಟ್ಟ ಗುರುತು ಕಾಲವನ್ನು ಹೇಳುತ್ತದೆ. ಟೇಲರ್ ಅಗೆದ ಗುಂಡಿಗಳು ಅಕ್ಷರವಿಲ್ಲದ ಜನರವು. ಸಿಕ್ಕಿದ್ದು ಮಡಕೆ, ಮೂಳೆ, ತುಕ್ಕುಹಿಡಿದ ಕಬ್ಬಿಣದ ಆಯುಧ. ಓದಲು ಏನೂ ಇಲ್ಲದ ಕಡೆ, ವಸ್ತು ಎಲ್ಲಿತ್ತು, ಯಾವುದರ ಮೇಲಿತ್ತು, ಎಷ್ಟು ಆಳದಲ್ಲಿತ್ತು ಎಂಬುದೇ ಏಕೈಕ ಆಧಾರ. ಅದನ್ನು ಮಾತಿನಲ್ಲಿ ಹೇಳಿ ಪೂರೈಸಲಾಗದು, ಬರೆದು ತೋರಿಸಬೇಕು.

ಜೇವರ್ಗಿಯ ಸಮಾಧಿಗಳನ್ನು ಟೇಲರ್ ಬರೆದು ತೋರಿಸಿದ. ಗುಪ್ಪೆಯನ್ನು ನೆತ್ತಿಯಿಂದ ತಳದವರೆಗೆ ಕುಯ್ದರೆ ಒಳಗೆ ಹೇಗೆ ಕಾಣುವುದೋ ಹಾಗೆ ಛೇದಚಿತ್ರಗಳನ್ನು ರಚಿಸಿದ. ನೆಲದ ಮಟ್ಟದ ರೇಖೆ, ಸುತ್ತಲಿನ ಕಲ್ಲುಗಳು, ಕೆಳಗಿನ ಮಣ್ಣಿನ ಪದರಗಳು, ಪದರಗಳ ನಡುವೆ ಅಸ್ಥಿಪಂಜರದ ನಿಲುವು, ಮಡಕೆಗಳ ಜಾಗ, ಎಲ್ಲವೂ ಅಳತೆಯೊಡನೆ ಅಲ್ಲಿವೆ. ಪದರಗಳ ಕ್ರಮದಿಂದ ಕಾಲದ ಕ್ರಮವನ್ನು ತಿಳಿಯುವ ತತ್ತ್ವ ಭೂವಿಜ್ಞಾನದಲ್ಲಿ ಆಗ ನೆಲೆಗೊಂಡಿತ್ತು. ಅದನ್ನು ಉತ್ಖನನಕ್ಕೆ ಅನ್ವಯಿಸಿ ಚಿತ್ರವಾಗಿ ತೋರಿಸಿದವರು ಯುರೋಪಿನಲ್ಲೇ ಆಗ ವಿರಳ. ಒಂದು ನೂರು ವರ್ಷಗಳ ಅನಂತರ ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕನಾಗಿದ್ದ ಮಾರ್ಟಿಮರ್ ವೀಲರ್ ಟೇಲರನ ಛೇದಚಿತ್ರಗಳನ್ನು ಮೆಚ್ಚಿ ಎತ್ತಿಹೇಳಿದ್ದು ಈ ಕಾರಣದಿಂದ. ಬೇರೆಯವರ ಕೆಲಸವನ್ನು ಸುಲಭವಾಗಿ ಒಪ್ಪುವ ಸ್ವಭಾವ ವೀಲರನದಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು. ರಮ್ಯದೃಶ್ಯಗಳನ್ನು ಬರೆಯುತ್ತಿದ್ದ 1837ರ ಕೈ ಒಂದೂವರೆ ದಶಕದಲ್ಲಿ ಇಲ್ಲಿಗೆ ತಲುಪಿತ್ತು. ಅದು ಈಗ ನೋಡುವವನ ಭಾವಕ್ಕಾಗಿ ಏನನ್ನೂ ಸರಿಸುತ್ತಿರಲಿಲ್ಲ.

ಚಿತ್ರದ ಜೊತೆಗಿನ ವಿವರಣೆಯ ಕಥೆ ಬೇರೆ. ಈ ಸಮಾಧಿಗಳು ಬ್ರಿಟನ್ ಮತ್ತು ಐರ್ಲೆಂಡಿನ ಶಿಲಾಸ್ಮಾರಕಗಳನ್ನು ಹೋಲುತ್ತವೆ ಎಂಬುದು ಟೇಲರನ ಗಮನಕ್ಕೆ ಬಂತು. ಹೋಲಿಕೆ ನಿಜವೇ. ಅದರಿಂದ ಆತ ತೆಗೆದ ತೀರ್ಮಾನವೆಂದರೆ, ಇವು ಸಿಥಿಯನ್ ಅಥವಾ ಕೆಲ್ಟಿಕ್ ಮೂಲದ, ಡ್ರೂಯಿಡ್ ಪುರೋಹಿತರ ಮತಕ್ಕೆ ಸೇರಿದ ವಲಸೆಗಾರರ ಕೃತಿಗಳು ಎಂಬುದು. 1850ರ ದಶಕದ ಆರಂಭದಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಸುರಪುರ ಸಂಸ್ಥಾನದ ಅವಶೇಷಗಳನ್ನು ಕುರಿತು ಬರೆದಾಗಲೂ, 1862ರಲ್ಲಿ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಮುಂದೆ ವಿಸ್ತೃತ ಪ್ರಬಂಧ ಮಂಡಿಸಿದಾಗಲೂ ಆತನ ನಿಲುವು ಇದೇ. ಜೇವರ್ಗಿಯ ಕೆಲವು ಗುಂಡಿಗಳಲ್ಲಿ ತಲೆಬುರುಡೆಗಳು ದೇಹದಿಂದ ಬೇರೆಯಾಗಿದ್ದವು. ಅದನ್ನು ಆತ ನರಬಲಿಯೆಂದು ಓದಿದ. ಠಕ್ಕರ ಕೊಲೆಗಳನ್ನು ಕಾದಂಬರಿಯಾಗಿಸಿದ ಲೇಖಕನಿಗೆ ಈ ಓದು ಸಹಜವಾಗಿಯೇ ಬಂದಿರಬಹುದು. ಇಂದಿನ ವಿದ್ವತ್ತು ದಕ್ಷಿಣ ಭಾರತದ ಈ ಸಂಸ್ಕೃತಿಯನ್ನು ಕಬ್ಬಿಣಯುಗದ್ದೆಂದು ಗುರುತಿಸುತ್ತದೆ; ಸತ್ತವರ ಎಲುಬುಗಳನ್ನು ಆರಿಸಿ ಮತ್ತೆ ಹೂಳುವ ಪದ್ಧತಿ ಅದರಲ್ಲಿ ವ್ಯಾಪಕವಾಗಿತ್ತೆಂದು ತಿಳಿದಿದೆ. 1947ರಲ್ಲಿ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಅಗೆದಾಗ, ಚಂದ್ರವಳ್ಳಿಯ ರೋಮನ್ ಹಾಗೂ ಶಾತವಾಹನ ನಾಣ್ಯಗಳ ನೆರವಿನಿಂದ ಈ ಸಮಾಧಿಗಳಿಗೆ ಕಾಲದ ಕಟ್ಟು ಹಾಕಲು ಯತ್ನಿಸಿದ. ಟೇಲರನಿಗೆ ಸಿಗದ ಆಧಾರ ಅದು. ವೀಲರನ ಕಾಲನಿರ್ಣಯವೂ ಮುಂದೆ ಬದಲಾಗಿ ಇನ್ನಷ್ಟು ಹಿಂದಕ್ಕೆ ಹೋಗಿದೆ. ಟೇಲರನ ಡ್ರೂಯಿಡರು ಬಿದ್ದುಹೋದರು. ಆತನ ಛೇದಚಿತ್ರದಲ್ಲಿ ಬುರುಡೆ ಎಲ್ಲಿತ್ತೋ ಅಲ್ಲೇ ಇದೆ, ಅದನ್ನು ಬೇರೆಯಾಗಿ ಓದಲು ಬರುತ್ತದೆ.

1853ರಲ್ಲಿ ವೆಂಕಟಪ್ಪನಾಯಕ ಪ್ರಾಪ್ತವಯಸ್ಕನಾಗಿ ಅಧಿಕಾರ ವಹಿಸಿಕೊಂಡ. ಟೇಲರ್ ಸುರಪುರವನ್ನು ಬಿಟ್ಟು, ಅದೇ ವರ್ಷ ನಿಜಾಮನು ಬ್ರಿಟಿಷರಿಗೆ ವಹಿಸಿಕೊಟ್ಟ ಪ್ರದೇಶಗಳಲ್ಲೊಂದಾದ ನಳದುರ್ಗಕ್ಕೆ ಡೆಪ್ಯುಟಿ ಕಮಿಷನರನಾಗಿ ಹೋದ. 1857ರಲ್ಲಿ ಆತ ಬೇರಾರದಲ್ಲಿದ್ದ. 1858ರ ಫೆಬ್ರವರಿಯಲ್ಲಿ ಸುರಪುರ ದಂಗೆಯೆದ್ದಿತು. ಕ್ಯಾಪ್ಟನ್ ನ್ಯೂಬೆರಿ ಕಾಳಗದಲ್ಲಿ ಸತ್ತ. ಹೆಚ್ಚಿನ ಸೈನ್ಯ ಬರುತ್ತಿರುವುದು ತಿಳಿದು ವೆಂಕಟಪ್ಪನಾಯಕ ಹೈದರಾಬಾದಿಗೆ ಹೋದ, ಅಲ್ಲಿ ಸೆರೆಯಾದ. ಸುರಪುರದ ಆಡಳಿತಕ್ಕೆ ಮತ್ತೆ ಟೇಲರನನ್ನೇ ಕಳುಹಿಸಲಾಯಿತು. ತನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದ ಹುಡುಗನನ್ನು ಆತ ಸೆರೆಮನೆಯಲ್ಲಿ ಕಂಡ. ಅರಸನಿಗೆ ವಿಧಿಸಿದ ಮರಣದಂಡನೆಯನ್ನು ಹಂತಹಂತವಾಗಿ ಇಳಿಸಿ, ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಬಂಧನವೆಂದು ತೀರ್ಮಾನಿಸಲಾಯಿತು. ಅಲ್ಲಿಗೆ ಕರೆದೊಯ್ಯುತ್ತಿದ್ದಾಗ 1858ರ ಮೇ ತಿಂಗಳಲ್ಲಿ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ಅವನು ಸತ್ತ. ತಾನೇ ಹಾರಿಸಿಕೊಂಡನೆಂಬುದು ಬ್ರಿಟಿಷ್ ದಾಖಲೆ. ಸುರಪುರ 1860ರಲ್ಲಿ ನಿಜಾಮನ ಆಡಳಿತಕ್ಕೆ ಸೇರಿತು.

ಈ ಘಟನೆಯನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ಹೇಳಿರುವ ರೀತಿಯನ್ನು ಗಮನಿಸಬೇಕು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅರಸನಿಗೆ ಮರಣವಿದೆಯೆಂದು ಜಾತಕ ಹೇಳಿತ್ತೆಂದೂ, ಅದನ್ನು ತನಗೆ ಹಿಂದೆಯೇ ಗುಟ್ಟಾಗಿ ತಿಳಿಸಲಾಗಿತ್ತೆಂದೂ ಆತ ಬರೆಯುತ್ತಾನೆ. ಜಾತಕ ನಿಜವಾಗುವುದರೊಂದಿಗೆ ಆ ಪ್ರಸಂಗ ಮುಗಿಯುತ್ತದೆ. ಹೃದಯವನ್ನು ಕಲಕುವ ಕಥನ ಅದು, ಸಂಶಯವಿಲ್ಲ. ಆತನ ದುಃಖವೂ ನಿಜವಿದ್ದೀತು. ಆದರೆ ಜಾತಕವನ್ನು ಮುಂದಿಟ್ಟೊಡನೆ ರಾಜ್ಯದ ಸಾಲ, ಕಂಪನಿಯ ನೀತಿ, ಬೇಡರ ಅಸಮಾಧಾನ, ಹನ್ನೊಂದು ವರ್ಷ ಆ ಸಂಸ್ಥಾನವನ್ನು ನಡೆಸಿದ ಟೇಲರನ ಹೊಣೆ ಇವೆಲ್ಲ ಹಿನ್ನೆಲೆಯ ಮಸುಕು ಬೆಟ್ಟಗಳಾಗಿಬಿಡುತ್ತವೆ. ಇದು ರಮ್ಯದೃಶ್ಯದ ತಂತ್ರವೇ. ವೆಂಕಟಪ್ಪನಾಯಕನ ಬಾಲ್ಯ ಮತ್ತು ಕೊನೆಯ ದಿನಗಳ ಬಗೆಗೆ ನಮ್ಮ ಬರಹಗಳು ಬಹುಪಾಲು ಈ ಒಂದೇ ಕಥನವನ್ನು ಅವಲಂಬಿಸಿವೆ ಎಂಬುದು ಚಿಂತಿಸಬೇಕಾದ ವಿಷಯ. ಸುರಪುರದ ನೆಲದೊಳಗಿನ ಮೂಳೆಗಳಿಗೆ ಟೇಲರನಿಂದ ದೊರೆತ ನ್ಯಾಯ ಅದರ ಅರಸನಿಗೆ ದೊರೆಯಲಿಲ್ಲ.

ಆರೋಗ್ಯ ಕೆಟ್ಟು ಟೇಲರ್ 1860ರಲ್ಲಿ ಭಾರತವನ್ನು ಬಿಟ್ಟ. ಡಬ್ಲಿನ್ನಿನ ಹೊರವಲಯದಲ್ಲಿ ನೆಲೆಸಿ ಬರವಣಿಗೆಗೆ ಮರಳಿದ. ಶಿವಾಜಿ ಮತ್ತು ಬಿಜಾಪುರದ ಕಾಲದ 'ತಾರಾ' (1863), ಪ್ಲಾಸಿ ಕದನದ ಹಿನ್ನೆಲೆಯ 'ರಾಲ್ಫ್ ಡಾರ್ನೆಲ್' (1865), 1857ರ ದಂಗೆಯ 'ಸೀತಾ' (1872) ಎಂಬ ಮೂರು ಕಾದಂಬರಿಗಳು ನೂರು ನೂರು ವರ್ಷಗಳ ಅಂತರದ ಘಟನೆಗಳನ್ನು ಎತ್ತಿಕೊಳ್ಳುತ್ತವೆ. 1870ರಲ್ಲಿ ಭಾರತದ ಚರಿತ್ರೆಯ ಕೈಪಿಡಿಯೊಂದನ್ನು ವಿದ್ಯಾರ್ಥಿಗಳಿಗಾಗಿ ಬರೆದ. ಸಿ.ಎಸ್.ಐ. ಗೌರವ 1869ರಲ್ಲಿ ಬಂದಿತ್ತು.

ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಿಸಿದ್ದು 1866ರ ಎರಡು ದೊಡ್ಡ ಸಂಪುಟಗಳು: ಬಿಜಾಪುರದ ವಾಸ್ತುಶಿಲ್ಪವನ್ನು ಕುರ್ತದ್ದು ಒಂದು, ಧಾರವಾಡ ಮತ್ತು ಮೈಸೂರು ಪ್ರದೇಶಗಳ ವಾಸ್ತುಶಿಲ್ಪವನ್ನು ಕುರಿತದ್ದು ಇನ್ನೊಂದು. ಇವು ಛಾಯಾಚಿತ್ರ ಸಂಪುಟಗಳು. ಚಿತ್ರಗಳನ್ನು ತೆಗೆದವರು ಬಿಗ್ಸ್, ಪಿಗೊ, ನೀಲ್ ಮೊದಲಾದವರು; ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗುಸನ್ನನದು; ಐತಿಹಾಸಿಕ ವಿವರಣೆ ಟೇಲರನದು. ಹಂಪೆ, ಐಹೊಳೆ, ಹಳೇಬೀಡುಗಳ ಹತ್ತೊಂಬತ್ತನೆಯ ಶತಮಾನದ ಸ್ಥಿತಿಯನ್ನು ಅರಿಯಬಯಸುವ ಕರ್ನಾಟಕದ ಕಲಾಚರಿತ್ರಕಾರರಿಗೆ ಇವು ಇಂದಿಗೂ ಬೇಕಾದ ಗ್ರಂಥಗಳು. ಮೂವತ್ತು ವರ್ಷ ಹಿಂದೆ ಪೆನ್ಸಿಲಿನಿಂದ ದಖ್ಖನನ್ನು ಇಂಗ್ಲೆಂಡಿಗೆ ಒಯ್ದವನು ಈಗ ಕ್ಯಾಮೆರಾದ ಚಿತ್ರಗಳಿಗೆ ಮಾತು ಹೊಂದಿಸುವವನಾಗಿದ್ದ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ 'ದ ಪೀಪಲ್ ಆಫ್ ಇಂಡಿಯಾ' ಎಂಬ ಸರ್ಕಾರಿ ಯೋಜನೆಗೂ ಆತ ಬರೆದುಕೊಟ್ಟ. ಭಾರತದ ಜನರನ್ನು ಜಾತಿ-ಬುಡಕಟ್ಟುಗಳ ಮಾದರಿಗಳನ್ನಾಗಿ ವಿಂಗಡಿಸಿ, ನಿಷ್ಠರು ಯಾರು, ದ್ರೋಹಿಗಳು ಯಾರು ಎಂದು ತೂಗುವ ಧಾಟಿಗಾಗಿ ಆ ಸಂಪುಟಗಳು ಇಂದು ತೀವ್ರ ವಿಮರ್ಶೆಗೆ ಗುರಿಯಾಗಿವೆ. ಆ ವಿಮರ್ಶೆ ನ್ಯಾಯವಾದದ್ದೇ.

ಕೊನೆಯ ವರ್ಷಗಳಲ್ಲಿ ಟೇಲರನ ಕಣ್ಣುಗಳು ಕೆಟ್ಟವು. 1875ರಲ್ಲಿ ಸಾಲಾರ್‌ಜಂಗನ ಆಹ್ವಾನದ ಮೇಲೆ ಹೈದರಾಬಾದಿಗೆ ಬಂದಾಗ ಜ್ವರ ಹತ್ತಿತು, ದೃಷ್ಟಿ ಹೋಯಿತು. ಹಿಂದಿರುಗುವ ದಾರಿಯಲ್ಲಿ ಫ್ರಾನ್ಸಿನ ಮೆಂತೊನ್ ಎಂಬಲ್ಲಿ 1876ರ ಮೇ 13ರಂದು ತೀರಿಕೊಂಡ. ಮಗಳು ಆಲಿಸ್ ಸಂಪಾದಿಸಿದ ಆತ್ಮಕಥೆ 1877ರಲ್ಲೂ, ಚಾಂದಬೀಬಿಯನ್ನು ಕುರಿತ 'ಎ ನೋಬಲ್ ಕ್ವೀನ್' 1878ರಲ್ಲೂ ಮರಣೋತ್ತರವಾಗಿ ಪ್ರಕಟವಾದವು. ಈ ಕೊನೆಯ ಕಾದಂಬರಿಯಲ್ಲಿ ಕೃಷ್ಣಾತೀರದ ಬೇಡರ ಲೋಕ ಮತ್ತೆ ಬರುತ್ತದೆ. ಅದನ್ನು ಬರೆಯುವ ವೇಳೆಗೆ ಆತ ಸುರಪುರವನ್ನು ಬಿಟ್ಟು ಹದಿನೈದು ವರ್ಷಗಳ ಮೇಲಾಗಿತ್ತು.

ಹೈದರಾಬಾದ್ ರಾಜ್ಯದ ಪುರಾತತ್ತ್ವ ಇಲಾಖೆ 1941ರಲ್ಲಿ ಗುಲಾಂ ಯಜ್ದಾನಿಯವರ ಸಂಪಾದಕತ್ವದಲ್ಲಿ ಟೇಲರನ ಶಿಲಾಸಮಾಧಿ ಪ್ರಬಂಧಗಳನ್ನು ಚಿತ್ರಫಲಕಗಳೊಡನೆ ಒಂದೇ ಸಂಪುಟವಾಗಿ ಮರುಮುದ್ರಿಸಿತು. 1960ರ ದಶಕದಿಂದ ಕೆ. ಪದ್ದಯ್ಯನವರು ಸುರಪುರ ದೋಆಬಿನಲ್ಲಿ ನಡೆಸಿದ ಅನ್ವೇಷಣೆಗಳು ಹುಣಸಗಿ, ಬೈಚಬಾಳ, ಬೂದಿಹಾಳಗಳ ಮೂಲಕ ಈ ಸೀಮೆಯ ಚರಿತ್ರೆಯನ್ನು ನವಶಿಲಾಯುಗಕ್ಕೂ ಅದಕ್ಕಿಂತ ಬಹು ಹಿಂದಿನ ಹಳೆಯ ಶಿಲಾಯುಗಕ್ಕೂ ಒಯ್ದಿವೆ. ವಿಭೂತಿಹಳ್ಳಿಯ ಕಲ್ಲುಸಾಲುಗಳು ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ತಾಣವಾಗಿವೆ. ಅವನ್ನು ಯಾರು, ಯಾವ ಉದ್ದೇಶಕ್ಕೆ ಇರಿಸಿದರೆಂಬುದರ ಬಗೆಗೆ ವಿದ್ವಾಂಸರಲ್ಲಿ ಈಗಲೂ ಒಮ್ಮತವಿಲ್ಲ. ಸಾಲುಗಳ ನಡುವಿನ ಅಂತರವನ್ನು ಅಳೆದು ಟೇಲರ್ ಬರೆದ ನಕ್ಷೆ ಆ ಚರ್ಚೆಗೆ ಈಗಲೂ ಆಧಾರವಾಗಿ ಒದಗುತ್ತದೆ.

ಕನ್ನಡ ಅಧ್ಯಯನಕಾರರಿಗೆ ಇಲ್ಲಿ ಉಳಿದಿರುವ ಕೆಲಸವೊಂದಿದೆ. ಟೇಲರನ ಪ್ರಬಂಧಗಳಲ್ಲಿ ಅವಶೇಷಗಳಿರುವ ಊರುಗಳ ಪಟ್ಟಿಯಿದೆ. ಹೆಸರುಗಳು ಆಗಿನ ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ಬರೆದವು. ರಾಜನಕೋಳೂರು, ಹಗರಟಗಿ, ವಿಭೂತಿಹಳ್ಳಿಗಳನ್ನು ಗುರುತಿಸುವುದು ಸುಲಭ, ಉಳಿದ ಕೆಲವನ್ನು ಗುರುತಿಸಲು ಊರಿನ ಹೆಸರಿನ ಜೊತೆಗೆ ಹೊಲದ ಹೆಸರು, ಹಳ್ಳದ ಹೆಸರು ಗೊತ್ತಿರಬೇಕು. 2009ರ ಕೊನೆಗೆ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿ, ಮುಂದೆ ಹುಣಸಗಿ ತಾಲ್ಲೂಕು ರಚನೆಯಾಗಿ, ಗಡಿಗಳು ಮತ್ತೆ ಬದಲಾಗಿವೆ. ಫಲಕಗಳನ್ನೂ ಪಟ್ಟಿಯನ್ನೂ ಕೈಯಲ್ಲಿ ಹಿಡಿದು, ಮೋರ್ಯರ ಮನೆಗಳ ಬಗೆಗೆ ಆ ಊರುಗಳ ಹಿರಿಯರು ಹೇಳುವುದನ್ನು ಅವರ ಮಾತಿನಲ್ಲೇ ಬರೆದುಕೊಂಡು ಬರುವ ಕ್ಷೇತ್ರಕಾರ್ಯವನ್ನು ಸುರಪುರ, ಶಹಾಪುರಗಳ ಕಾಲೇಜುಗಳ ಕನ್ನಡ ವಿಭಾಗಗಳೇ ಕೈಗೊಳ್ಳಬಹುದು.